ತಿಪ್ಪೇಸ್ವಾಮಿಯ ಇನ್ನೂರ ಹನ್ನೆರಡು ‘ನಂತರ’ಗಳು

ಯಂತ್ರ, ತಂತ್ರ, ಮಂತ್ರ ಮೂರನ್ನೂ ಒಂದೇ ಬೆರಳಿನಲ್ಲಿ ಸೋಲಿಸುವ ಮದ್ದು ನಮ್ಮ ಜನರ ಹತ್ತಿರ ಒಂದಿದೆ. ಅದರ ಹೆಸರು ‘ನಂತರ’. ಚಿತ್ರದುರ್ಗದ ಹೊರವಲಯದ ನರಯಂತ್ರ ಪ್ರಯೋಗಾಲಯದಲ್ಲಿ, ನಿಯಂತ್ರಣ ಕೋಣೆಯ ಮೂಲೆಯ ಮೇಜಿಗೆ ಕೂತಿದ್ದ ಸಿಂಚನಾ ಆ ಮದ್ದಿನ ಶಕ್ತಿಯನ್ನು ಗೋಡೆಯ ಪರದೆಯ ಮೇಲೆ ಅಂಕಿಯಲ್ಲಿ ನೋಡುತ್ತಿದ್ದಳು: ನಾಲ್ಕು ಸಾವಿರದ ನೂರ ಮೂವತ್ತೇಳು. ಹನ್ನೊಂದು ಸಾವಿರ ಜನರ ಮಣಿಕಟ್ಟಿನಲ್ಲಿರುವ ‘ಕಂಕಣ’ಕ್ಕೆ ಹೊಸ ತಂತ್ರಾಂಶ ಬಂದು ಎಪ್ಪತ್ತು ದಿನವಾಗಿತ್ತು. ಮಿಕ್ಕವರೆಲ್ಲ ಹಾಕಿಕೊಂಡಿದ್ದರು. ಇಷ್ಟು ಜನ ಮಾತ್ರ ದಿನಕ್ಕೆ ಮೂರು ಹೊತ್ತು, ಊಟದ ಮೊದಲೋ ಆಮೇಲೋ ಎಂಬ ಪಥ್ಯವೂ ಇಲ್ಲದೆ, ‘ನಂತರ’ ಒತ್ತುತ್ತಲೇ ಇದ್ದರು.

ಕಂಕಣ ಎಂದರೆ ಕೈನಡುಕದವರಿಗಾಗಿ ಮಾಡಿದ ಬಳೆ. ನಡುಗುವ ಕೈ ಸೆಕೆಂಡಿಗೆ ನಾಲ್ಕೈದು ಸಲ ಅಲ್ಲಾಡುತ್ತದೆ. ಕಂಕಣ ಆ ಅಲುಗಾಟದ ಜಾಡು ಹಿಡಿದು, ಅದು ಬರುವ ಹೊತ್ತಿಗೆ ಸರಿಯಾಗಿ ನರಕ್ಕೆ ಎದುರಿನಿಂದ ಒಂದು ಪುಟ್ಟ ಮಿಡಿತ ಕೊಡುತ್ತದೆ. ತೂಗುವ ಉಯ್ಯಾಲೆಯನ್ನು ಅದು ನಮ್ಮ ಕಡೆ ಬರುವಾಗ ತಡೆದರೆ ನಿಲ್ಲುತ್ತದಲ್ಲ, ಹಾಗೆ. ಕಷ್ಟ ಬೇರೆ ಕಡೆ ಇದೆ. ಕೈಯ ಅಲುಗಾಟವೆಲ್ಲ ನಡುಕವಲ್ಲ. ಸಾರಿಗೆ ಉಪ್ಪು ಉದುರಿಸುವುದೂ ಅಲುಗಾಟವೇ, ಕೂಸಿನ ಬೆನ್ನು ತಟ್ಟುವುದೂ ಅಲುಗಾಟವೇ. ಯಾವುದು ರೋಗದ್ದು, ಯಾವುದು ಮನುಷ್ಯನದ್ದು ಎಂಬುದನ್ನು ಕಂಕಣ ದಿನದಿನವೂ ಕಲಿತು, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಂದು ‘ಕೈನಕ್ಷೆ’ ಬರೆದಿಡುತ್ತದೆ. ಊರಿಗೆ ಊರೇ ಮೇಜಿನ ಕಂಪ್ಯೂಟರನ್ನು ಗುಜರಿಗೆ ಹಾಕಿದ ಈ ಕಾಲದಲ್ಲೂ ಕಂಕಣದವರ ಮನೆಯಲ್ಲಿ ಅದು ಮರ್ಯಾದೆಯಿಂದ ಕೂತಿರುವುದು ಇದಕ್ಕೇ.

ಹಳೆಯ ತಂತ್ರಾಂಶದಲ್ಲಿ ಒಂದು ತಪ್ಪು ಉಳಿದುಬಿಟ್ಟಿತ್ತು. ಅದರೊಳಗಿನ ಕಾಲದ ಎಣಿಕೆ ಬರುವ ಹದಿನೇಳನೇ ತಾರೀಖಿಗೆ ತುಂಬಿ, ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅಲ್ಲಿಂದಾಚೆಗೆ ಕಂಕಣದ ತಾಳ ತಪ್ಪುತ್ತದೆ. ಉಯ್ಯಾಲೆಯನ್ನು ತಡೆಯಬೇಕಾದವನು ಹಿಂದಿನಿಂದ ತಳ್ಳತೊಡಗುತ್ತಾನೆ. ಕೈಹಿಡಿದ ಯಂತ್ರವೇ ಕೈಕೊಡುತ್ತದೆ. ಬಳೆ ಬಿಚ್ಚಿಟ್ಟು ಹಳೆಯ ನಡುಕಕ್ಕೆ ಮರಳುವುದೊಂದೇ ದಾರಿ. ಆಮೇಲೆ ಒಬ್ಬೊಬ್ಬರನ್ನೇ ಪ್ರಯೋಗಾಲಯಕ್ಕೆ ಕರೆಸಿ ಮೊದಲಿನಿಂದ ಕಲಿಸಬೇಕು. ಒಬ್ಬರಿಗೆ ಒಂದು ವಾರ. ನಾಲ್ಕು ಸಾವಿರ ವಾರ ಬದುಕುವ ಯೋಗ ಯಾರ ಜಾತಕದಲ್ಲಿದೆಯೋ ನೋಡಬೇಕು. ಇಲ್ಲಿಂದಲೇ ತುಂಬಿಬಿಡೋಣವೆಂದರೆ ಕಾನೂನು ಅಡ್ಡ. ನರ ಮುಟ್ಟುವ ತಂತ್ರಾಂಶವನ್ನು ಧರಿಸಿದವರು ತಾವೇ ಬೆರಳೊತ್ತಿ ಒಪ್ಪದೆ ಯಾರೂ ಬದಲಿಸುವಂತಿಲ್ಲ.

ಆ ಬೆರಳನ್ನು ಒಲಿಸುವುದೇ ಸಿಂಚನಾಳ ಕೆಲಸ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಮೂಡಿ ‘ಹೊಸ ಆವೃತ್ತಿ ಬಂದಿದೆ’ ಎಂದು ತಿಳಿಸುವ ಪುಟ್ಟ ಸೂಚಕವನ್ನು ಅವಳು ರೂಪಿಸಿದ್ದಳು. ಅದಕ್ಕೆ ‘ಕರೆಗಂಟೆ’ ಎಂದು ಹೆಸರಿಟ್ಟಿದ್ದಳು.

“ಏನವಾ ಸಿಂಚನಾ, ನಿನ್ನ ಗಂಟಿ ಯಾರಿಗೂ ಕೇಳಿಸವಲ್ದೇನು?” ಎಂದರು ಡಾಕ್ಟರ್ ಹುಲಿಗೆಮ್ಮ, ಚಹಾದ ಲೋಟ ಹಿಡಿದು ಹಿಂದೆ ನಿಂತು. ಅವರು ನರಸಂಕೇತ ವಿಭಾಗದ ಮುಖ್ಯಸ್ಥೆ. ಕೊಪ್ಪಳ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಕೊಪ್ಪಳ ಅವರ ಬಾಯಿ ಬಿಟ್ಟಿರಲಿಲ್ಲ.

“ಕೇಳಿಸ್ತದೆ ಮೇಡಂ. ಕೇಳಿಸ್ಕೊಂಡೇ ನಂತರ ಒತ್ತುತಾರೆ.”

“ಅಂದ್ರ ಕಿವಿ ಚಲೋ ಅದಾವು. ಅದೊಂದರ ಸಮಾಧಾನ. ಇನ್ನು ಹತ್ತೊಂಬತ್ತು ದಿನ ಐತಿ, ಏನರ ಮಾಡು.”

ಸಿಂಚನಾಳಿಗೆ ದೇವರು ಕೊಟ್ಟ ವರವೂ ಶಾಪವೂ ಒಂದೇ: ಯಾರ ದನಿ ಕಿವಿಗೆ ಬಿದ್ದರೂ ಅದು ನಾಲಿಗೆಯಿಂದ ಹೊರಬರುತ್ತಿತ್ತು. ಕಾಲೇಜಿನಲ್ಲಿ ಪ್ರಾಂಶುಪಾಲರ ದನಿಯಲ್ಲಿ ರಜೆ ಘೋಷಿಸಿ ಸಿಕ್ಕಿಬಿದ್ದವಳು. ಕೆಂಪು ಪೆಟ್ಟಿಗೆ, ಮಿಣುಕು ದೀಪ ಎಲ್ಲ ಸೋತ ಮೇಲೆ ಅವಳು ತನ್ನ ಕಂಠವನ್ನೇ ಕಣಕ್ಕಿಳಿಸಿದಳು. ಎರಡು ದಿನ ಕೂತು ಹದಿನಾಲ್ಕು ದನಿಗಳನ್ನು ಮುದ್ರಿಸಿದಳು. ಮೊದಲು ಬಸ್ ಕಂಡಕ್ಟರು: “ಯಾರ್ರೀ ಅದು ಅಪ್‌ಡೇಟ್ ತಗೊಳ್ದೇ ಇರೋರು, ಒಳಗ್ ಬನ್ನಿ, ಒಳಗೆ ಜಾಗ ಐತೆ, ಡೋರಲ್ಲಿ ನಿಲ್ಬೇಡಿ.” ಆಮೇಲೆ ಕಲ್ಯಾಣಮಂಟಪದ ಮೈಕಿನವನು: “ಹಳೇ ಆವೃತ್ತಿಯ ಕಡೆಯವರು ಎಲ್ಲಿದ್ದರೂ ಕೂಡಲೇ ವೇದಿಕೆಯ ಬಳಿ ಬರತಕ್ಕದ್ದು. ಎರಡನೇ ಪಂಕ್ತಿ ಏಳುತ್ತಾ ಇದೆ.” ಆಮೇಲೆ ಹೈಸ್ಕೂಲಿನ ಹೆಡ್‌ಮಾಸ್ತರು: “ನಿನ್ನೇನೂ ಹೇಳ್ದೆ, ಮೊನ್ನೇನೂ ಹೇಳ್ದೆ. ನಾಳೆ ನಿಮ್ಮಪ್ಪನ್ನ ಕರ್ಕೊಂಡೇ ಬಾ.”

ಜನರಿಗೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ‘ನಂತರ’ ಒತ್ತಿದವರ ಎಣಿಕೆ ಇಳಿಯುವ ಬದಲು ಒತ್ತುವ ಎಣಿಕೆ ಮೂರು ಪಟ್ಟು ಏರಿತು. ಒಂದು ಸಲ ‘ನಂತರ’ ಎಂದರೆ ಮುಂದಿನ ಸಲ ಬೇರೆ ದನಿ ಬರುತ್ತದೆಂದು ಊರೂರಿಗೆ ಗೊತ್ತಾಗಿಹೋಯಿತು. ಹಿರಿಯೂರಿನ ಒಬ್ಬ ಅಜ್ಜಿ ಸಂಜೆ ನಾಲ್ಕಕ್ಕೆ ಓಣಿಯವರನ್ನೆಲ್ಲ ಕರೆದು ಚಾಪೆ ಹಾಸಿ ಕೂರಿಸುತ್ತಿದ್ದಳಂತೆ. ಹೆಡ್‌ಮಾಸ್ತರಿಗೆ ಅಲ್ಲಿ ವಿಶೇಷ ಬೇಡಿಕೆ.

“ಚಲೋ ಆತು,” ಎಂದರು ಹುಲಿಗೆಮ್ಮ. “ಔಷಧ ತಗೋರಿ ಅಂತ ಹೇಳಾಕ ಹೋಗಿ ನಾಟಕ ಕಂಪನಿ ತೆರದ್ವಿ. ಹದಿನೈದು ದಿನ ಉಳದಾವು.”

ಅವತ್ತು ಮಧ್ಯಾಹ್ನ ಸಿಂಚನಾ ನಗು ಬಿಟ್ಟು, ಅತಿ ಹೆಚ್ಚು ಸಲ ‘ನಂತರ’ ಒತ್ತಿದವರ ಪಟ್ಟಿಯನ್ನು ತೆರೆದಳು. ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಬೇಕೆಂಬುದು ಅವಳ ಲೆಕ್ಕ. ಪಟ್ಟಿಯ ಆರನೆಯ ಹೆಸರಿನ ಮೇಲೆ ಅವಳ ಬೆರಳು ನಿಂತಿತು. ತಿಪ್ಪೇಸ್ವಾಮಿ ಬಿ., ಬೋರ್ಡು ಬರೆಯುವವರು, ಹೊಳಲ್ಕೆರೆ ರಸ್ತೆ. ‘ನಂತರ’: ಇನ್ನೂರ ಹನ್ನೆರಡು.

ಅವಳ ಸ್ವಂತ ಸೋದರಮಾವ. ನಾಲ್ಕು ವರ್ಷದ ಹಿಂದೆ ಆ ಕಂಕಣವನ್ನು ತಾನೇ ತಂದು ಅವನ ಕೈಗೆ ತೊಡಿಸಿದ್ದವಳು ಅವಳು. ಈಗ ಹದಿನೇಳನೇ ತಾರೀಖು ಅವಳಿಗೆ ಕ್ಯಾಲೆಂಡರಿನ ಚೌಕವಾಗಿ ಉಳಿಯಲಿಲ್ಲ. ಮಾವ ಕೈಲಿ ಹಿಡಿದ ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕುವ ದಿನವಾಗಿ ಕಂಡಿತು.

*

ತಿಪ್ಪೇಸ್ವಾಮಿಯ ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆ. ಒಂದು ಕಾಲಕ್ಕೆ ದೀಪದ ಬೋರ್ಡುಗಳು ಬಂದು ಅವನ ಬ್ರಷ್ಷನ್ನು ಒಣಗಿಸಿದ್ದವು. ಆಮೇಲೆ ವಿದ್ಯುತ್ ಉಳಿಸಲೆಂದು ನಗರಸಭೆ ಅಂಗಡಿಗಳ ದೀಪದ ಬೋರ್ಡುಗಳನ್ನೆಲ್ಲ ನಿಲ್ಲಿಸಿ ಬಣ್ಣದ ಬೋರ್ಡೇ ಇರಬೇಕೆಂದಿತು. ಆ ಹೊತ್ತಿಗೆ ಊರಿನಲ್ಲಿ ಕೈಯಿಂದ ಅಕ್ಷರ ಬರೆಯಬಲ್ಲವರು ಮೂರೇ ಜನ ಉಳಿದಿದ್ದರು. ಅವರಲ್ಲೊಬ್ಬನಾದ ತಿಪ್ಪೇಸ್ವಾಮಿಗೆ ಕೆಲಸವೂ ನಡುಕವೂ ಒಂದೇ ವರ್ಷ ಬಂದವು.

ಸಿಂಚನಾ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಾಗ ಅವನು ಹಬೀಬನ ಡ್ರೋನ್ ರಿಪೇರಿ ಅಂಗಡಿಯ ಹಲಗೆಗೆ ಹಳದಿ ಬಳಿದು ಒಣಗಲು ಬಿಟ್ಟಿದ್ದ.

“ಬನ್ನಿ ಇಂಜಿನಿಯರಮ್ಮನೋರೆ,” ಎಂದ ಅವನು, ತಾಲ್ಲೂಕು ಕಚೇರಿಯ ಗುಮಾಸ್ತನ ಮೂಗುದನಿಯಲ್ಲಿ. “ಅರ್ಜಿ ತಂದಿದೀರಾ? ಫೋಟೋ ಎಲ್ಲಿ? ಎರಡು ಪ್ರತಿ ಬೇಕಾಗ್ತದೆ.”

“ಸಾಹೇಬ್ರು ಊಟಕ್ಕೋಗಿದಾರಾ ಅಂತ ಕೇಳೋಕೆ ಬಂದೆ,” ಎಂದಳು ಅವಳು ಅದೇ ಮೂಗಿನಲ್ಲಿ. ಅಣಕದ ವಿದ್ಯೆ ಅವಳಿಗೆ ಬಂದದ್ದೇ ಈ ಪಡಸಾಲೆಯಿಂದ. ಚಿಕ್ಕಂದಿನಲ್ಲಿ ಬಣ್ಣದ ಡಬ್ಬಿಗಳ ನಡುವೆ ಕೂತು, ಗಿರಾಕಿ ಮೆಟ್ಟಿಲಿಳಿದ ಕೂಡಲೇ ಅವನ ದನಿಯನ್ನು ಮಾವ ಸೊಸೆ ಪೈಪೋಟಿಯ ಮೇಲೆ ತೆಗೆಯುತ್ತಿದ್ದರು.

“ಶುರುವಾತು ಇವರ ಆಟ,” ಎನ್ನುತ್ತ ರತ್ನತ್ತೆ ಒಳಗಿನಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. “ತಿನ್ನಮ್ಮ ಮೊದಲು. ನಿನ್ನ ಗಂಟೆ ದಿನಾ ಮೂರು ಸಲ ನಮ್ಮನೇಲಿ ಕೂಗ್ತದೆ. ಆ ಹೆಡ್‌ಮಾಸ್ಟ್ರು ಕೂಗಿದಾಗೆಲ್ಲ ನಾನು ಸೆರಗು ಸರಿ ಮಾಡ್ಕೋತೀನಿ.”

“ಅತ್ತೆ, ಮಾವ ಅದನ್ನ ಒತ್ತಿಲ್ಲ ಗೊತ್ತಾ? ಇನ್ನೂರ ಹನ್ನೆರಡು ಸಲ ಆಮೇಲೆ ಅಂದಿದಾನೆ.”

“ನನ್ನ ಮದುವೆ ಆಗೋಕೂ ಅಷ್ಟೇ ಸಲ ಅಂದಿದ್ದು.”

ತಿಪ್ಪೇಸ್ವಾಮಿ ಬಜ್ಜಿಯ ತೊಟ್ಟು ಮುರಿದ. “ನಾಳೆ ನೋಡೋಣ ಕಣೆ.”

“ನಾಳೆ ಅಂದ್ರೆ ಯಾವಾಗ ಮಾವ?”

“ನಾಳೆ ಅಂದ್ರೆ ನಾಳೆ. ಅದಕ್ಕೂ ತಾರೀಖು ಹಾಕಿದ್ರೆ ಪಾಪ, ಅದು ಇವತ್ತಾಗಿಬಿಡ್ತದೆ.”

ಅವಳು ಹದಿನೇಳನೇ ತಾರೀಖಿನ ವಿಷಯ ಹೇಳಿದಳು. ಉಯ್ಯಾಲೆಯ ಕಥೆ ಹೇಳಿದಳು. ಅವನು ತಲೆಯಾಡಿಸಿದ, ಮಂಡಕ್ಕಿಗೆ ಉಪ್ಪು ಕಡಿಮೆಯೆಂದ, ಹಬೀಬನ ಅಂಗಡಿಗೆ ಹಳದಿಯ ಮೇಲೆ ನೀಲಿ ಚೆಂದವೋ ಕೆಂಪು ಚೆಂದವೋ ಎಂದು ಕೇಳಿದ. ಅವಳು ಎರಡನೇ ಸಲ ಹೇಳಿದಾಗ ಅವನು ಕರೆಗಂಟೆಯನ್ನೇ ಅಣಕಿಸಿದ: “ಹೊಸ ಆವೃತ್ತಿ ಬಂದಿದೆ. ಈಗ. ನಂತರ. ಈಗ. ನಂತರ.” ಅತ್ತೆ ನಕ್ಕರು. ಸಿಂಚನಾಳೂ ನಕ್ಕಳು, ಬೇರೆ ದಾರಿಯಿಲ್ಲದೆ. ಒಂದೂವರೆ ಗಂಟೆ ಕಳೆಯಿತು. ನೆಂಟರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳಿಗೆ ಕೆಲಸ ಎಂಬುದೆಲ್ಲ ಮುಗಿದು ಅವಳು ಎದ್ದಳು.

ನಮ್ಮ ಕಡೆ ಮನೆಯೊಳಗೆ ಕೂತು ಆಡುವುದೆಲ್ಲ ಮಾತಿನ ಪೀಠಿಕೆ ಮಾತ್ರ. ನಿಜವಾದ ಮಾತು ಇರುವುದು ಚಪ್ಪಲಿ ಮೆಟ್ಟಿದ ಮೇಲೆ, ಗೇಟಿನ ಹತ್ತಿರ. ಸಂಬಂಧ ಕುದುರುವುದು, ಮುರಿಯುವುದು, ಆಸ್ಪತ್ರೆಯ ರಿಪೋರ್ಟು ಬಾಯಿಗೆ ಬರುವುದು, ಇಪ್ಪತ್ತು ವರ್ಷದ ಮುನಿಸು ಕರಗುವುದು ಎಲ್ಲ ಅಲ್ಲೇ. ಒಳಗೆ ಕೂತವರ ಕಣ್ಣಿಗೆ ಕಣ್ಣು ಸಿಗುತ್ತದೆ, ನಾಚಿಕೆಯಾಗುತ್ತದೆ. ಗೇಟಿನಲ್ಲಿ ಒಬ್ಬರು ರಸ್ತೆ ನೋಡುತ್ತಾರೆ, ಇನ್ನೊಬ್ಬರು ಗಾಡಿ ನೋಡುತ್ತಾರೆ. ಹೊರಡಲು ನಿಂತವರಿಗೆ ಹೇಳಿದರೆ ಅವರು ಹೆಚ್ಚು ಕೆದಕುವುದೂ ಇಲ್ಲ.

ತಿಪ್ಪೇಸ್ವಾಮಿ ಅವಳನ್ನು ಕಳಿಸಲು ಹೊರಗೆ ಬಂದ. ಸ್ಕೂಟರಿನ ಕನ್ನಡಿಯನ್ನು ಹೆಬ್ಬೆರಳಲ್ಲಿ ಒರೆಸಿದ.

“ಅಂದಂಗೆ ಸಿಂಚು.”

ಅವಳು ಕೀಲಿಯನ್ನು ತಿರುಗಿಸಲಿಲ್ಲ.

“ಎರಡು ವರ್ಷದ ಹಿಂದೆ ಇದಕ್ಕೆ ಮುಂಚಿನದು ಒಂದು ಬಂದಿತ್ತಲ್ಲ, ಅದನ್ನ ಒತ್ತಿದ್ದೆ ನಾನು. ಮಾರನೇ ದಿನ ಕೈ ಕಲ್ಲು ಇದ್ದಂಗೆ ನಿಂತಿತ್ತು. ಬಾಳೆಕಾಯಿ ಮಂಡಿಯೋರ ಬೋರ್ಡು ಬರೆದೆ. ಒಳ್ಳೆ ದುಂಡಗೆ ಬಂತು. ಹತ್ತು ಮಾರು ಹಿಂದೆ ನಿಂತು ನೋಡಿದೆ. ಯಾರೋ ಬರೆದಿದ್ರು ಕಣೆ.”

“ಅಂದ್ರೆ?”

“ಅಂದ್ರೆ ನಾನಲ್ಲ. ಅಕ್ಷರದ ತಲೆಕಟ್ಟು ನಾನು ಎಳೆಯೋವಾಗ ಕೊನೇಲಿ ಒಂಚೂರು ಎತ್ತುತೀನಿ. ನಮ್ಮಪ್ಪ ಹಂಗೆ ಎತ್ತುತಿದ್ದ. ಆ ಎತ್ತು ಇರಲಿಲ್ಲ. ಎತ್ತೋಕೆ ಹೋದ್ರೆ ಬಳೆ ಬಿಡ್ತಿರಲಿಲ್ಲ, ನಡುಕ ಅಂತ ಅದುಮಿಬಿಡೋದು. ಎಂಟು ತಿಂಗಳು ಬೇಕಾತು ಅದಕ್ಕೆ ಮತ್ತೆ ನನ್ನ ಪರಿಚಯ ಆಗೋಕೆ. ಯಾರಿಗೂ ಗೊತ್ತಾಗಲಿಲ್ಲ. ಹೋದ ವರ್ಷ ಮಂಡಿಯೋರು ಬಂದು, ನಿಮ್ಮ ಕೈಗುಣ ಸ್ವಾಮಿ, ವ್ಯಾಪಾರ ಚೆನ್ನಾಗಾತು ಅಂತ ಹಣ್ಣು ಕೊಟ್ಟು ಹೋದ್ರು. ಯಾರ ಕೈಗುಣ ಅಂತ ಹೇಳ್ಲಿ? ಆ ಹಣ್ಣು ನಾನು ತಿನ್ನಲಿಲ್ಲ.” ಅವನು ಕನ್ನಡಿಯನ್ನು ಇನ್ನೊಮ್ಮೆ ಒರೆಸಿದ. “ನಂಗೀಗ ಅರವತ್ತೆಂಟು. ಇನ್ನೊಂದು ಸಲ ಪರಿಚಯ ಮಾಡ್ಕೊಳೋ ಅಷ್ಟು ಟೈಮು ಐತೋ ಇಲ್ವೋ.”

“ಇದನ್ನ ನಂಗ್ಯಾಕೆ ಹೇಳಲಿಲ್ಲ ಮಾವ?”

“ನೀನು ಮಾಡಿದ ಡಬ್ಬಿ ಈಗಲೋ ನಂತರವೋ ಅಂತು. ಯಾಕೆ ಅಂತ ಒಂದು ಸಲಾನೂ ಕೇಳಲಿಲ್ಲ. ಹೋಗು, ಟ್ರಾಫಿಕ್ ಆಗ್ತದೆ.”

*

“ಗೇಟಾ?” ಎಂದರು ಹುಲಿಗೆಮ್ಮ ಮರುದಿನ.

“ಗೇಟೇ ಮೇಡಂ. ನಮ್ಮ ಕರೆಗಂಟೆ ಜನ ಕೆಲಸದ ಮಧ್ಯೆ ಇರುವಾಗ ಬಂದು ಎದುರಿಗೆ ನಿಂತು ಈಗಲೋ ನಂತರವೋ ಅನ್ನುತ್ತೆ. ಸಾಲ ವಸೂಲಿಗೆ ಬಂದವರ ಥರ. ಅದು ಸುಮ್ಮನೆ ಬಂದು ಮೂಲೆಯಲ್ಲಿ ಕೂರಬೇಕು. ಅವರು ಕಂಪ್ಯೂಟರು ಆರಿಸಿ ಏಳುವ ಹೊತ್ತಿಗೆ, ಏನಾದರೂ ಹೇಳೋದಿತ್ತಾ ಅಂತ ಕೇಳಬೇಕು. ಕೇಳಿ, ತಾನು ಬಾಯಿ ಮುಚ್ಚಬೇಕು.”

ಹುಲಿಗೆಮ್ಮ ಲೋಟವನ್ನು ಮೇಜಿನ ಮೇಲಿಟ್ಟರು. “ನಮ್ಮವ್ವ ನನಗ ಗಂಡು ನೋಡೇವಿ ಅಂತ ಹೇಳಿದ್ದು ಯಾವಾಗ ಗೊತ್ತೇನು? ನಾನು ಹಾಸ್ಟೆಲ್ಲಿಗೆ ಹೊಂಟು ಬಸ್ ಹತ್ತಿದ ಮ್ಯಾಲ, ಕಿಡಕ್ಯಾಗಿಂದ. ಮುಂಜಾನಿಂದ ರೊಟ್ಟಿ ಕಟ್ಟಿಕೊಂಡು ಕುಂತಿದ್ಲು, ಒಂದು ಮಾತು ಆಡಿರಲಿಲ್ಲ.” ಲೋಟವನ್ನು ಮತ್ತೆ ಎತ್ತಿಕೊಂಡರು. “ಮಾಡು.”

ಹದಿನಾಲ್ಕು ದನಿಗಳನ್ನೂ ಅಳಿಸಿದ್ದಾಯಿತು. ಕೆಂಪು ಪೆಟ್ಟಿಗೆ ಹೋಗಿ ಪರದೆಯ ಮೂಲೆಯಲ್ಲಿ ಎಳ್ಳಿನಷ್ಟು ಬೆಳಕಿನ ಚುಕ್ಕೆ ಉಳಿಯಿತು. ಬಳಸುವವರು ಕಂಪ್ಯೂಟರು ಆರಿಸಿದಾಗ ಪರದೆ ಕಪ್ಪಾಗುವ ಮೊದಲು ಒಂದೇ ಮಾತು ಕೇಳಬೇಕು. ಆ ಒಂದು ಮಾತನ್ನು ಮುದ್ರಿಸಲು ಸಿಂಚನಾಳಿಗೆ ಅರ್ಧ ದಿನ ಹಿಡಿಯಿತು. ಮೊದಲ ಸಲ ಅದು ಬ್ಯಾಂಕಿನ ಸ್ವಾಗತಕಾರಿಣಿಯಂತೆ ಕೇಳಿಸಿತು, ಎರಡನೇ ಸಲ ಹುಲಿಗೆಮ್ಮನಂತೆ, ಮೂರನೇ ಸಲ ತನ್ನ ಅಮ್ಮನಂತೆ. ಊರವರ ದನಿಯೆಲ್ಲ ಬರುವ ಅವಳಿಗೆ ತನ್ನ ದನಿ ಮಾತ್ರ ಎಲ್ಲಿಟ್ಟಿದ್ದೇನೆಂದು ನೆನಪಾಗಲಿಲ್ಲ. ಹನ್ನೊಂದನೇ ಸಲ, ಸುಸ್ತಾಗಿ, ಮೈಕು ನಡೆಯುತ್ತಿದೆ ಎಂಬುದನ್ನೂ ಮರೆತು ಹೇಳಿದಾಗ ಅದು ಬಂತು: “ಹೊರಟ್ರಾ? ಏನಾದ್ರೂ ಹೇಳೋದಿತ್ತಾ?”

ಮೂರು ದಿನದಲ್ಲಿ ಎರಡು ಸಾವಿರದ ಮುನ್ನೂರು ಜನ ಗೇಟಿನಲ್ಲಿ ನಿಂತು ಮಾತಾಡಿದರು.

ಹಿರಿಯೂರಿನ ಅಜ್ಜಿ, ಚಾಪೆ ಹಾಸುತ್ತಿದ್ದವಳೇ, ಹೇಳಿದ್ದಳು: “ನಾನು ಮಲ್ಲಿಗೆ ಕಟ್ಟೋದು ಎರಡೆರಡು ಮೊಗ್ಗು ಸೇರಿಸಿ, ಒಂದು ಸಲ ದಾರ ಸಡಿಲ ಬಿಟ್ಟು. ಹೋದ ಸಲ ಒತ್ತಿದಾಗ ಆ ಸಡಿಲು ಮರೆತೋಯ್ತು, ಮೊಗ್ಗೆಲ್ಲ ಕತ್ತರಿಸ್ಕೊಂಡು ಬಿದ್ವು.” ಜಗಳೂರಿನ ತಬಲಾ ಮೇಷ್ಟ್ರು ಕೆಮ್ಮಿ, ಕ್ಷಮೆ ಕೇಳಿ, ಬೆರಳು ತೇಲಿಸುವ ಒಂದು ಪೆಟ್ಟಿನ ಬಗ್ಗೆ ಆರು ನಿಮಿಷ ಮಾತಾಡಿದ್ದರು. ಒಬ್ಬ ಗಂಡಸು, ಹೆಸರು ಹೇಳದೆ: “ನನ್ನ ಹೆಂಡ್ತಿಗೆ ಕಣ್ಣು ಕಾಣಲ್ಲ. ಅವಳ ಕೈ ಹಿಡ್ಕೊಂಡ್ರೆ ನಾನು ಅಂತ ಗೊತ್ತಾಗೋದು ನಾನು ಹಿಡಿಯೋ ರೀತಿಯಿಂದ. ಹೋದ ಸಲ ಎರಡು ತಿಂಗಳು ಅವಳು ಯಾರು ಯಾರು ಅಂತ ಕೇಳಿದ್ಲು. ಇಷ್ಟೇ. ಬಾಗಿಲು ಹಾಕ್ಕೊಳಿ.”

ಸಿಂಚನಾ ಆ ಧ್ವನಿಯನ್ನು ಹುಲಿಗೆಮ್ಮನಿಗೆ ಹಾಕಿ ಕೇಳಿಸಿದಳು. ಅವರು ಎರಡು ಸಲ ಕೇಳಿದರು. ಆಮೇಲೆ ಹಳೆಯ ಕಡತವೊಂದನ್ನು ಪರದೆಗೆ ತಂದು, ಒಂದು ಸಾಲಿನ ಮೇಲೆ ಬೆರಳಿಟ್ಟರು.

“ನೋಡಿಲ್ಲಿ. ಹೊಸಾದು ಬಂದಾಗ ಹಳೇ ಕೈನಕ್ಷಿ ಅಳಿಸಿ ಸ್ವಚ್ಛ ಮಾಡು ಅಂತ ಸಹಿ ಮಾಡಿದಾಕಿ ನಾನು. ಸಣ್ಣ ಸಣ್ಣ ಅಲೆ ಉಳದಿದ್ದುವು. ಜಾಗ ತಿಂತಾವು, ಗದ್ದಲ ಅಂತ ತಿಳದೆ.” ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಈ ಸಲದ್ದೂ ಅಳಸ್ತದ. ಈ ಜನ ಸೋಮಾರಿಗಳಲ್ಲ ಬಿಡವ್ವಾ. ಇವರು ನಮ್ಮನ್ನ ತಡದು ನಿಂತಾರ.”

“ಉಳಿಸೋಕಾಗಲ್ವಾ ಮೇಡಂ?”

“ಹಳೇದರ ಭಾಷಾ ಹೊಸಾದಕ್ಕ ಪೂರ್ತಿ ತಿಳಿಯಂಗಿಲ್ಲ. ಎರಡನ್ನೂ ಬಾಜೂಕ ಕೂಡಿಸಬೇಕು. ಮನುಷ್ಯಾ ತನ್ನ ಕೆಲಸ ತಾ ಮಾಡಬೇಕು, ಎರಡೂ ನೋಡಬೇಕು. ಎಲ್ಲಿ ಅನುಮಾನ ಬರ್ತದ, ಅಲ್ಲಿ ಅವರನ್ನ ಕೇಳಬೇಕು. ಕೇಳಾಕ ನಿನ್ನ ಗಂಟಿ ಐತಲ್ಲ. ಎಷ್ಟು ದಿನ ಉಳದಾವು?”

“ಹತ್ತು.”

“ಒಂಬತ್ತರಾಗ ಮುಗಸೋಣು.”

ಎಂಟರಲ್ಲಿ ಮುಗಿಯಿತು. ಹೊಸ ವ್ಯವಸ್ಥೆ ಹೀಗಿತ್ತು: ಒಪ್ಪಿದವರು ಅರ್ಧ ಗಂಟೆ ತಮಗೆ ಬೇಕಾದ ಕೆಲಸ ಮಾಡಬೇಕು. ಆ ಹೊತ್ತು ಕಂಕಣ ಹಿಡಿತವನ್ನು ಸ್ವಲ್ಪ ಸಡಿಲಿಸುತ್ತದೆ, ಕೈಯ ನಿಜಸ್ಥಿತಿ ಕಾಣಲೆಂದು. ಅನುಮಾನ ಬಂದಲ್ಲೆಲ್ಲ ಕರೆಗಂಟೆ ಒಂದೇ ಪ್ರಶ್ನೆ ಕೇಳುತ್ತದೆ: ಇದು ನಡುಕವಾ, ನಿಮ್ಮದಾ? ಅರ್ಧ ಗಂಟೆಯಲ್ಲಿ ಏನು ಸಿಕ್ಕಿತೋ ಅದು ಉಳಿಯುತ್ತದೆ. ಸಿಗದಿದ್ದದ್ದು ಹೋಗುತ್ತದೆ. ನೂರಕ್ಕೆ ನೂರು ಉಳಿಸುತ್ತೇವೆಂದು ಬರೆಯಲು ಹುಲಿಗೆಮ್ಮ ಬಿಡಲಿಲ್ಲ. ಹೋಗಬಹುದು ಎಂಬ ಮಾತನ್ನೇ ದಪ್ಪ ಅಕ್ಷರದಲ್ಲಿ ಹಾಕಿಸಿದರು.

ಹದಿನೈದನೇ ತಾರೀಖು ಬೆಳಗ್ಗೆ ಕಳಿಸಿದರು. ಊರೂರಲ್ಲಿ ಜನ ಕಂಪ್ಯೂಟರಿನ ಮುಂದೆ ಮಲ್ಲಿಗೆ ಕಟ್ಟಿದರು, ರೊಟ್ಟಿ ತಟ್ಟಿದರು, ತಬಲಾ ಬಾರಿಸಿದರು. ಕಣ್ಣು ಕಾಣದ ಹೆಂಡತಿಯ ಗಂಡ ಅರ್ಧ ಗಂಟೆ ಏನು ಮಾಡಿದನೆಂಬುದನ್ನು ಕೋಣೆಯಲ್ಲಿದ್ದ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವನ ಅಂಕಿ ಹಸಿರಾದಾಗ ಹುಲಿಗೆಮ್ಮ ಎದ್ದು ಹೋಗಿ ಇನ್ನೊಂದು ಲೋಟ ಚಹಾ ತಂದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಮುನ್ನೂರ ಎಂಬತ್ತು ಉಳಿದಿತ್ತು. ಅದರಲ್ಲಿ ಹೊಳಲ್ಕೆರೆ ರಸ್ತೆಯ ತಿಪ್ಪೇಸ್ವಾಮಿಯೂ ಇದ್ದ.

*

ಸಿಂಚನಾ ಹೋದಾಗ ಹಳದಿ ಹಲಗೆ ಗೋಡೆಗೆ ಒರಗಿತ್ತು. ಸೀಮೆಸುಣ್ಣದ ದಾರ ಹಾಕಿ ಗೆರೆ ಹೊಡೆದಾಗಿತ್ತು. ಅವನು ನೀಲಿ ಬಣ್ಣಕ್ಕೆ ಎಣ್ಣೆ ಬೆರೆಸುತ್ತಿದ್ದ. ಕಂಪ್ಯೂಟರನ್ನು ಪಡಸಾಲೆಗೆ ಎಳೆದು ತಂದು ಸ್ಟೂಲಿನ ಮೇಲೆ ಇಟ್ಟಿದ್ದ.

“ನಾಳೆ ಅಂದಿದ್ದೆನಲ್ಲ,” ಎಂದ ಅವನು. “ಇವತ್ತೇ ನಾಳೆ. ಕೂತ್ಕೋ, ಆದ್ರೆ ಏನೂ ಮುಟ್ಟಬೇಡ.”

“ಮುಟ್ಟೋ ಹಾಗಿಲ್ಲ ಮಾವ, ಕಾನೂನು.”

“ಕಾನೂನು ಅಲ್ಲ ಕಣೆ. ಬಣ್ಣ ಹಸಿ.”

ಅವನು ಬೆರಳೊತ್ತಿದ. ಕಂಕಣ ಹಿಡಿತ ಸಡಿಲಿಸಿತು. ಕೈ ಸಣ್ಣಗೆ ಅದುರತೊಡಗಿದ್ದು ಅವಳ ಕಣ್ಣಿಗೂ ಕಂಡಿತು. ಎಡಗೈಯ ಆಸರೆ ಕೋಲನ್ನು ಹಲಗೆಗೆ ಕೊಟ್ಟು, ಅದರ ಮೇಲೆ ಬಲಗೈ ಇಟ್ಟು, ಅವನು ಮೊದಲ ಅಕ್ಷರವನ್ನು ಎಳೆದ. ತಲೆಕಟ್ಟಿನ ಕೊನೆಯಲ್ಲಿ ಬ್ರಷ್ಷು ತುಸು ಮೇಲೆದ್ದಿತು.

“ಇದು ನಡುಕವಾ, ನಿಮ್ಮದಾ?” ಎಂದಿತು ಸಿಂಚನಾಳ ದನಿ, ಸ್ಟೂಲಿನ ಮೇಲಿನಿಂದ.

“ನಮ್ಮಪ್ಪಂದು,” ಎಂದ ಅವನು, ‘ನನ್ನದು’ ಒತ್ತಿ.

ಎರಡನೇ ಅಕ್ಷರ, ಮೂರನೇ ಅಕ್ಷರ. ಕರೆಗಂಟೆ ಕೇಳುತ್ತಿತ್ತು, ಅವನು ಉತ್ತರಿಸುತ್ತಿದ್ದ. ಕೆಲವಕ್ಕೆ ಥಟ್ಟನೆ ‘ನಡುಕ’, ಕೆಲವಕ್ಕೆ ‘ನನ್ನದು’. ಒಂದು ಕಡೆ ಬ್ರಷ್ಷನ್ನು ಎತ್ತಿ, “ನಂಗೂ ಗೊತ್ತಿರಲಿಲ್ಲ, ಇಲ್ಲಿ ಹಿಂಗೆ ಮಾಡ್ತೀನಿ ಅಂತ,” ಎಂದ. ಹಣೆಯಲ್ಲಿ ಬೆವರಿತ್ತು. ರತ್ನತ್ತೆ ಬಾಗಿಲಲ್ಲಿ ನಿಂತು, ಕೆಲಸ ಕೆಡದಿರಲೆಂದು ಬಳೆ ಸದ್ದಾಗದಂತೆ ಕೈ ಕಟ್ಟಿಕೊಂಡಿದ್ದರು. ‘ಹಬೀಬ್ ಡ್ರೋನ್’ ಮುಗಿಯಿತು. ‘ರಿಪೇರಿ’ ಬಂತು. ಅರ್ಧ ಗಂಟೆಯಲ್ಲಿ ನಾಲ್ಕು ನಿಮಿಷ ಉಳಿದಿತ್ತು.

‘ಪೇ’ಯ ಕೊನೆಯಲ್ಲಿ ಬರುವ ದೀರ್ಘದ ಬಾಲವನ್ನು ಕೆಳಗಿನಿಂದ ಸುತ್ತಿ ತರುವಾಗ, ಆಯಾಸಕ್ಕೋ ಏನೋ, ಕೈ ಜೋರಾಗಿ ಅದುರಿತು. ಬ್ರಷ್ಷು ಅಂಚು ಬಿಟ್ಟಿತು. ಬಾಲದಲ್ಲಿ ಮೂರು ಸಣ್ಣ ಅಲೆಗಳು ಉಳಿದವು.

“ಇದು ನಡುಕವಾ, ನಿಮ್ಮದಾ?”

ಸಿಂಚನಾ ತನ್ನ ಮಡಿಲಿನ ಪರದೆ ನೋಡಿದಳು. ಸೆಕೆಂಡಿಗೆ ಐದು ಬಡಿತ, ಗಡಿಯಾರದಷ್ಟು ಸಮ. ಅನುಮಾನಕ್ಕೆ ಜಾಗವೇ ಇಲ್ಲ, ಅಪ್ಪಟ ನಡುಕ. ಹೇಳಿಬಿಡಲು ಬಾಯಿ ತೆರೆದಳು. ಕೇಳಿದ ಮೇಲೆ ಸುಮ್ಮನಿರಬೇಕೆಂದು ಯಂತ್ರಕ್ಕೆ ಬರೆದುಕೊಟ್ಟವಳು ತಾನೇ, ಮುಚ್ಚಿದಳು.

ತಿಪ್ಪೇಸ್ವಾಮಿ ಹತ್ತು ಮಾರು ಹಿಂದೆ ಹೋಗಲು ಜಾಗವಿಲ್ಲದೆ ರಸ್ತೆಗೇ ಇಳಿದು ನಿಂತು ನೋಡಿದ. ಒಂದು ಆಟೋ ಅವನಿಗಾಗಿ ಬಳಸಿಕೊಂಡು ಹೋಯಿತು. ಅವನು ತಿರುಗಿ ಬಂದು, ಕಣ್ಣು ಕಿರಿದು ಮಾಡಿ ಆ ಮೂರು ಅಲೆಗಳನ್ನು ಹತ್ತಿರದಿಂದ ನೋಡಿದ.

“ಎರಡು ನಿಮಿಷ ಐತೆ ಮಾವ.”

“ನಾಲ್ಕು ವರ್ಷ ಇದನ್ನ ಅದುಮಿ ಅದುಮಿ ಇಟ್ಟೆ,” ಎಂದ ಅವನು. “ಬಾಡಿಗೆಗೆ ಬಂದಿದ್ದಾದ್ರೆ ಇಷ್ಟೊತ್ತಿಗೆ ಬಿಟ್ಟು ಹೋಗಿರೋದು. ಪಾಪ, ಇದಕ್ಕೂ ಬೇರೆ ಕೈ ಎಲ್ಲೈತೆ.”

ಅವನ ಬೆರಳು ಎರಡು ಗುಂಡಿಗಳ ನಡುವೆ ಸ್ವಲ್ಪ ಹೊತ್ತು ಅದುರಿತು. ಆಮೇಲೆ ‘ನನ್ನದು’ ಒತ್ತಿತು. ಸಿಂಚನಾಳ ಪರದೆಯಲ್ಲಿ ಆ ಗೆರೆ ಕೆಂಪಿನಿಂದ ಹಸಿರಿಗೆ ತಿರುಗಿ ಕೈನಕ್ಷೆಯೊಳಗೆ ಸೇರಿಕೊಂಡಿತು.

ಹೊಸ ಆವೃತ್ತಿ ಕಂಕಣಕ್ಕೆ ಇಳಿಯಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಯಾರೂ ಯಾರ ದನಿಯನ್ನೂ ತೆಗೆಯಲಿಲ್ಲ. ಅದು ಮುಗಿದಾಗ ಅವನು ಅಂಗೈಯನ್ನು ಎತ್ತಿ, ತಿರುಗಿಸಿ, ಬೆರಳು ಮಡಚಿ ನೋಡಿಕೊಂಡ. ಬ್ರಷ್ಷನ್ನು ನೀಲಿಯಲ್ಲಿ ಅದ್ದಿ ಡಬ್ಬಿಯ ಅಂಚಿಗೆ ಒತ್ತಿ, ಉಳಿದ ‘ರಿ’ಯನ್ನು ಬರೆದ. ಕೆಳಗಿನ ಸಾಲಿನಲ್ಲಿ ‘ಮತ್ತು ಸರ್ವೀಸ್’ ಎಂದು ಬರೆಯತೊಡಗಿದ. ತಲೆಕಟ್ಟು ಕೊನೆಯಲ್ಲಿ ಎದ್ದಿತು. ‘ವೀ’ಯ ದೀರ್ಘದ ಬಾಲ ಸುತ್ತಿ ಬರುವಾಗ ಕೈ ತಾನಾಗಿ ಮೂರು ಅಲೆ ಎಳೆದು, ಅಂಚಿನಲ್ಲಿ ಚೊಕ್ಕವಾಗಿ ನಿಂತಿತು.

ರತ್ನತ್ತೆ ಹತ್ತಿರ ಬಂದು ತಲೆ ವಾರೆ ಮಾಡಿ ನೋಡಿದರು. “ಎಲ್ಲಾ ಸರಿ. ಈ ಬಾಲ ಯಾಕೆ ಹಿಂಗೆ ಕುಣೀತಾ ಐತೆ?”

“ಡ್ರೋನ್ ಅಂಗಡಿ ಅಲ್ವೇನೇ,” ಎಂದ ತಿಪ್ಪೇಸ್ವಾಮಿ. “ಗಾಳಿ.”